ತಲೆಕೆಳಗಾಗದ ಒಂಬತ್ತು

ಓಹಾಯೋದ ನಮ್ಮ ಪುಟ್ಟ ಊರಿನ ಪೆಟ್ರೋಲ್ ಬಂಕಿನಲ್ಲಿ ಆರ್ಲೀನ್ ಬರ್ಕ್‌ಹಾರ್ಟ್ ಇಪ್ಪತ್ತೆರಡು ವರ್ಷಗಳಿಂದ ಗಲ್ಲಾಪೆಟ್ಟಿಗೆಯ ಹಿಂದೆ ನಿಂತವಳು. ಜನ ತಾವೇ ಪೆಟ್ರೋಲ್ ಹಾಕಿಕೊಂಡು, ಪಂಪಿನಲ್ಲೇ ಕಾರ್ಡಿನಿಂದ ಹಣ ಕಟ್ಟಿ ಹೋಗುವುದು ಇಲ್ಲಿನ ರೂಢಿ. ಬೆಳಿಗ್ಗೆ ಬಂದೊಡನೆ ಅವಳ ಮೊದಲ ಕೆಲಸ ದರದ ಬೋರ್ಡಿನ ಅಂಕಿ ಬದಲಿಸುವುದು. ತುದಿಗೆ ರಬ್ಬರಿನ ಬಟ್ಟಲು ಕೂರಿಸಿದ ಉದ್ದನೆಯ ಕೋಲಿನಿಂದ ಅಂಕಿಯ ಹಲಗೆಯನ್ನು ಕಚ್ಚಿಸಿ ಇಳಿಸಬೇಕು, ಇನ್ನೊಂದನ್ನು ಏರಿಸಬೇಕು. ಆರಕ್ಕೂ ಒಂಬತ್ತಕ್ಕೂ ಒಂದೇ ಹಲಗೆ, ತಲೆಕೆಳಗು ಮಾಡಿದರಾಯಿತು. ದರ ಗೊತ್ತುಮಾಡುವವರು ಎಲ್ಲೋ ದೂರದ ಕಚೇರಿಯವರು, ಬೈಗುಳ ಮಾತ್ರ ಕೋಲು ಹಿಡಿದವಳಿಗೆ.

ಆರ್ಲೀನಳಿಗೆ ಅದರಿಂದ ಬೇಸರವೇನೂ ಇರಲಿಲ್ಲ, ಕುತೂಹಲವಿತ್ತು. ಹತ್ತು ಸೆಂಟು ಏರಿದರೆ ಜನ ಬಾಗಿಲು ನೂಕುತ್ತಲೇ ದೇಶದ ಅಧ್ಯಕ್ಷನಿಗೆ ಮಂಗಳಾರತಿ ಶುರುಮಾಡುತ್ತಿದ್ದರು. ಹತ್ತು ಸೆಂಟು ಇಳಿದರೆ ಯಾರೂ ತುಟಿಪಿಟಿಕ್ಕೆನ್ನುತ್ತಿರಲಿಲ್ಲ.

“ಅಲ್ಲಾ, ಅಧ್ಯಕ್ಷ ಬೆಳಿಗ್ಗೆ ಎದ್ದು ನಮ್ಮ ಬಂಕಿಗೆ ಫೋನ್ ಮಾಡ್ತಾನೇನೋ?” ಎಂದು ಅವಳು ಒಮ್ಮೆ ವೆಂಡಲ್ ಫ್ರಿಟ್ಜ್‌ನನ್ನು ಕೇಳಿದಳು. ವೆಂಡಲ್ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದ ಮುದುಕ. ದಿನಾ ಕಾಫಿಗೆ ಬರುವವನು.

“ಮಾಡ್ದೆ ಇದ್ರೂ ಕುರ್ಚಿ ಅವಂದು ತಾನೇ? ಕೂತೋನು ಬೈಸ್ಕೋಬೇಕಪ್ಪ.”

ಆ ವರ್ಷ ಈ ತಮಾಷೆ ಅವಳ ಮನೆಗೇ ಕಾಲಿಟ್ಟಿತು. ಗಂಡ ಡೆಲ್ಮರ್ ಕೌಂಟಿಯ ಆಡಳಿತ ಮಂಡಳಿಯ ಸದಸ್ಯ, ಎರಡನೆಯ ಸಲ ಚುನಾವಣೆಗೆ ನಿಂತಿದ್ದ. ದೇಶದ ಅಧ್ಯಕ್ಷನ ಪಕ್ಷವೇ ಅವನದೂ, ಅಧ್ಯಕ್ಷ ಪದವಿಯ ಚುನಾವಣೆಯೂ ಅದೇ ದಿನ. ಅವನ ಕೈಯಲ್ಲಿದ್ದದ್ದು ಸೇತುವೆ, ಚರಂಡಿ, ಹಿಮ ಬಾಚುವ ಲಾರಿಗಳು. ಪೆಟ್ರೋಲಿಗೂ ಅವನಿಗೂ ಸುತರಾಂ ಸಂಬಂಧವಿರಲಿಲ್ಲ. ಆದರೆ ಗಂಡಹೆಂಡಿರ ಆರೋಗ್ಯವಿಮೆ ಬರುತ್ತಿದ್ದದ್ದು ಆ ಕುರ್ಚಿಯಿಂದಲೇ, ಡೆಲ್ಮರನ ಹೃದಯಕ್ಕಾಗಲೇ ಒಮ್ಮೆ ಆಪರೇಷನ್ ಆಗಿತ್ತು.

ಚುನಾವಣೆಯ ದಿನ ಬೆಳಿಗ್ಗೆ ಕಚೇರಿಯಿಂದ ಫೋನ್ ಬಂತು: ಗ್ಯಾಲನ್ನಿಗೆ ಮೂರು ಡಾಲರ್ ತೊಂಬತ್ತೊಂಬತ್ತು ಸೆಂಟು ಇದ್ದದ್ದು ಮೂರು ಅರವತ್ತೊಂಬತ್ತಕ್ಕೆ ಇಳಿಸಿ. ಆರ್ಲೀನಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮತಗಟ್ಟೆ ಇದ್ದದ್ದು ರಸ್ತೆಯಾಚೆಯ ಅಗ್ನಿಶಾಮಕ ಠಾಣೆಯಲ್ಲಿ. ಸಾಲಿನಲ್ಲಿ ನಿಂತವರ ಕಣ್ಣಿಗೆ ನೇರ ಬೀಳುವುದು ಇದೇ ಬೋರ್ಡು. ಅವಳು ಕಂಪ್ಯೂಟರಿನಲ್ಲಿ ಪಂಪಿನ ದರ ಇಳಿಸಿ, ಹೊರಗೆ ಬಂದು ನಡುವಿನ ಒಂಬತ್ತನ್ನು ಕೆಳಗಿಳಿಸಿದಳು. ಅಷ್ಟರಲ್ಲಿ ಡೋನಟ್ ಗಾಡಿ ಬಂತು. ಟ್ರೇಗಳನ್ನು ಒಳಗಿಡಿಸಿ, ರುಜು ಹಾಕಿ, ಮತ್ತೆ ಓಡಿಬಂದು, ಬೀಸುವ ಗಾಳಿಯಲ್ಲಿ ಹಲಗೆಯನ್ನು ಮೇಲಕ್ಕೇರಿಸಿದಳು. ತಲೆಯೆತ್ತಿ ನೋಡುವಷ್ಟು ಪುರುಸೊತ್ತಿರಲಿಲ್ಲ.

ಇಡೀ ದಿನ ಕಾಫಿಗೆ ಜನವೋ ಜನ. “ಈ ರೇಟಿಟ್ಕೊಂಡು ವೋಟು ಬೇರೆ ಕೇಳ್ತಾರೆ, ನಾಚ್ಕೆ ಇಲ್ದೋರು!” ಎಂದಳೊಬ್ಬಳು, ಎದುರಿಗಿರುವುದು ಡೆಲ್ಮರನ ಹೆಂಡತಿ ಎಂಬುದನ್ನೂ ಮರೆತು. ಮೂವತ್ತು ಸೆಂಟು ಇಳಿಸಿದರೂ ಈ ಜನಕ್ಕೆ ಸಾಲದಲ್ಲ ಎಂದು ಆರ್ಲೀನ್ ಮನಸ್ಸಿನಲ್ಲೇ ಅಂದುಕೊಂಡಳು.

ಸಂಜೆ ಏಳಕ್ಕೆ, ಮತದಾನ ಮುಗಿಯಲು ಅರ್ಧ ಗಂಟೆ ಇದೆ ಎನ್ನುವಾಗ ವೆಂಡಲ್ ಬಂದ.

“ನನ್ನ ಟ್ಯಾಂಕ್ ತುಂಬ್ತು, ಈಗ ಹೇಳ್ಬಿಡ್ತೀನಿ ಮಾರಾಯ್ತಿ. ಬೋರ್ಡಲ್ಲಿ ತೊಂಬತ್ತೊಂಬತ್ತು, ಪಂಪಲ್ಲಿ ಅರವತ್ತೊಂಬತ್ತು. ಬಾಯಿಬಿಟ್ರೆ ನೀನು ಪಂಪಿಂದೂ ಏರಿಸ್ಬಿಡ್ತೀಯ ಅಂತ ಪೆಟ್ರೋಲ್ ಹಾಕ್ಕೊಂಡೋರೆಲ್ಲ ಗಪ್‌ಚುಪ್.”

ಅವಳು ಕೋಲು ಹಿಡಿದು ಹೊರಗೋಡಿ ಒಂಬತ್ತನ್ನು ಆರು ಮಾಡಿದಳು. ಎದುರಿನ ಠಾಣೆಯ ಮುಂದಿನ ಸಾಲು ಆಗಲೇ ಕರಗಿಹೋಗಿತ್ತು.

ಡೆಲ್ಮರ್ ಹತ್ತೊಂಬತ್ತು ಮತಗಳಿಂದ ಸೋತ. ಮರುಎಣಿಕೆಯಲ್ಲೂ ಅಷ್ಟೇ. ಅವನು ದನದ ಮೇವಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ವಿಮೆ ಇರಲಿಲ್ಲ. ಆರ್ಲೀನ್ ಬಾಯಿಬಿಡಲಿಲ್ಲ. ಹೇಳಲು ಅವಳಿಗೆ ಭಯವಾಗಿತ್ತು.

ಜನವರಿಯಲ್ಲಿ ಎದುರು ಪಕ್ಷದವನು ಅಧ್ಯಕ್ಷನಾದ. ಅದೇ ವಾರ ವೆಂಡಲ್ ಕಿಟಕಿಯಿಂದ ಬೋರ್ಡು ನೋಡಿ, “ಅಂತೂ ದೇಶ ಒಂದು ಹದಕ್ಕೆ ಬಂತು. ಈಗ ಜೇಬಿಗೆ ಅಷ್ಟು ಬಿಸಿ ತಟ್ತಿಲ್ಲ ನೋಡು” ಎಂದ.

“ಮೂರು ಎಪ್ಪತ್ತೊಂಬತ್ತು ಕಣೋ. ಚುನಾವಣೆ ದಿನ ನೀನು ಹಾಕ್ಕೊಂಡಿದ್ದಕ್ಕಿಂತ ಹತ್ತು ಸೆಂಟು ಜಾಸ್ತಿ.”

“ಹೌದಾ?” ವೆಂಡಲ್ ಮತ್ತೊಮ್ಮೆ ನೋಡಿದ. “ಇರ್ಬೋದು. ಆದ್ರೂ ಕಡಿಮೆ ಅನ್ಸುತ್ತಪ್ಪ.”

ಅವನು ಸುಳ್ಳಾಡುತ್ತಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಆರ್ಲೀನಳಿಗೆ ಸೋಜಿಗವೆನಿಸಿತು. ಅಂಕಿ ಜನರ ಮನಸ್ಸನ್ನು ತಿರುಗಿಸುತ್ತದೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಇಲ್ಲಿ ಮನಸ್ಸು ತಿರುಗಿದ್ದೇ ತಡ, ಅಂಕಿಯೇ ಬೇರೆ ಕಾಣುತ್ತಿದೆ! ಹಾಗಾದರೆ ಗಂಡನನ್ನು ಸೋಲಿಸಿದ್ದು ತನ್ನ ಒಂಬತ್ತೋ, ಅಲ್ಲವೋ? ಈ ಪ್ರಶ್ನೆಯನ್ನು ಒಬ್ಬಳೇ ಹೊರಲು ಅವಳಿಂದ ಇನ್ನು ಆಗಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ, ಆಲೂಗಡ್ಡೆ ಮುದ್ದೆಯ ಮೇಲೆ ಕೋಳಿ ನೂಡಲ್ಸ್ ಬಡಿಸಿ, ಡೋನಟ್ ಗಾಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. “ಬೈಯೋದಾದ್ರೆ ಬೈದ್ಬಿಡು” ಎಂದಳು.

ಡೆಲ್ಮರ್ ಮುಳ್ಳುಚಮಚ ಕೆಳಗಿಟ್ಟ. ಅವನ ಕಿವಿ ಕೆಂಪಾಯಿತು.

“ಆವತ್ತು ಮಧ್ಯಾಹ್ನ ನಾನೂ ಬಂದಿದ್ದೆ ಕಣೇ. ನೀನು ಒಳಗೆ ಯಾರಿಗೋ ಕಾಫಿ ಸುರೀತಿದ್ದೆ. ಪಂಪ್ ನೋಡ್ದೆ, ಬೋರ್ಡೂ ನೋಡ್ದೆ.”

“ನೋಡಿ?”

“ಆರು ಡಾಲರ್ ಉಳೀತಲ್ಲ ಅಂತ ಸುಮ್ನೆ ಗಾಡಿ ಹತ್ಕೊಂಡು ಹೋಗ್ಬಿಟ್ಟೆ.”