ಬೊಚ್ಚುಬಾಯಿ ಸಿಂಹದ ಜೋಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯವರೆಲ್ಲ ಎರಕದಮ್ಮ ಎಂದು ಕರೆಯುವ ಹೆಂಗಸು ಆಗಲೇ ಹಿತ್ತಾಳೆ ಸಿಂಹದ ಹಲ್ಲು ಉಜ್ಜುತ್ತಿದ್ದಾರೆ. ಅರ ಹಿಡಿದು ಎರಡು ಸಲ ಉಜ್ಜುತ್ತಾರೆ, ಏಳುತ್ತಾರೆ, ಬೀದಿಗೆ ಇಣುಕುತ್ತಾರೆ, ಮತ್ತೆ ಬಂದು ಕೂರುತ್ತಾರೆ. ಪಕ್ಕದ ಚಹಾ ಕೆನೆಗಟ್ಟಿದೆ.

“ಅಂಡು ಸುಟ್ಟ ಬೆಕ್ಕಿನ ಹಾಗೆ ಯಾಕೆ ಓಡಾಡ್ತೀಯೆ? ಕೂತ್ಕೊ,” ಎಂದು ಕುಲುಮೆಯ ಬೂದಿ ಎತ್ತುತ್ತಿರುವ ಗಂಡ ರೇಗಿಸುತ್ತಾರೆ.

“ನಿಮಗೇನು! ಬೂದಿ ಎತ್ತೋಕೆ ಯಾರ ಒಪ್ಪಿಗೆನೂ ಬೇಡ.”

ಒಪ್ಪಬೇಕಾದವರು ಬೀದಿ ಕೊನೆಯ ಪ್ರಾರ್ಥನಾ ಮಂದಿರದ ಹಿರಿಯರು. ಅಲ್ಲಿನ ಬಾಗಿಲಿನ ಒಂದೊಂದು ಕದಕ್ಕೂ ಒಂದೊಂದು ಸಿಂಹದ ಮುಖ, ಅದರ ಬಾಯಲ್ಲೊಂದು ಬಳೆ. ಎರಡನ್ನೂ ಹೊಯ್ದವನು ಎರಕದಮ್ಮನ ಅಜ್ಜ. ಎಡಗಡೆಯದು ಸೀಳು ಬಿಟ್ಟು ಬಿದ್ದಿದೆ. ಹೊಸದು ಜೋಡಿಯಾಗದಿದ್ದರೆ ಬಲಗಡೆಯದನ್ನೂ ಕಿತ್ತು ಅಂಗಡಿಯ ಹಿಡಿಕೆ ಹಾಕಿಸುತ್ತಾರಂತೆ. ಕೇಳಿ, ಕೆಲಸ ನೋಡಲು ಬಂದು ಕೂತ ನನಗೇ ಮೈ ಉರಿಯಿತು. ಅಜ್ಜನ ಕೈಕೆಲಸದಲ್ಲಿ ಉಳಿದಿರುವುದು ಅದೊಂದೇ.

ಅವಸರದಲ್ಲಿ ಎರಕದಮ್ಮ ಬಲಗಡೆಯ ಸಿಂಹದ ಮೇಲೇ ಅಚ್ಚು ತೆಗೆದರು. ಮೂರು ತಲೆಮಾರಿನ ಕೈ ತಾಕಿ ಅದರ ಮೂಗು, ಹಲ್ಲು ಸವೆದಿದ್ದವು. ಹೊಸದೂ ಹಾಗೇ ಹುಟ್ಟಿತು.

“ಇದೇನಮ್ಮ, ಬೊಚ್ಚುಬಾಯಿ ಸಿಂಹ?” ಎಂದು ನಕ್ಕರು ಹಿರಿಯರು.

ಎರಕದಮ್ಮ ಅದನ್ನು ಕರಗಿಸಿ, ಮೇಣದ ಮಾದರಿಯಲ್ಲಿ ಮೂಗು ಹಲ್ಲು ತಿದ್ದಿ, ಮತ್ತೆ ಹೊಯ್ದಿದ್ದಾರೆ. ಈಗ ಹೊಸದು ಗುರ್ ಎನ್ನುತ್ತದೆ, ಹಳೆಯದು ಮುಗುಳ್ನಗುತ್ತದೆ. ಜೋಡಿ ಎಲ್ಲಿ ಬಂತು?

ಸಿಂಹವೇ ಯಾಕೆ ಎಂದು ಕೇಳುತ್ತೇನೆ.

“ಕೆಟ್ಟದ್ದು ಹೆದರ್ಲಿ ಅಂತ. ಬಳೆ ಯಾಕೆ ಅಂದ್ರೆ, ದಿಕ್ಕಿಲ್ಲದೆ ಬಂದೋರಿಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ. ಆ ಬಾಯಿ ಕಚ್ಚಬಾರ್ದು ಅಂತಿದ್ದ ಅಜ್ಜ.” ಅದಕ್ಕೇ ಹಲ್ಲಿನ ಅಂಚಿಗೆ ಬೆರಳಾಡಿಸಿ, ಚುಚ್ಚಿದಲ್ಲಿ ಮತ್ತೆ ಅರ ಹಾಕುತ್ತಾರೆ.

ಬಿಸಿಲೇರುವ ಮುನ್ನ ಸಿಂಹ ಕದಕ್ಕೆ ಕೂರುತ್ತದೆ. ಹಿರಿಯರು ಅತ್ತ ನೋಡುತ್ತಾರೆ, ಇತ್ತ ನೋಡುತ್ತಾರೆ. ಎರಕದಮ್ಮ ಸೆರಗಿನ ತುದಿ ಹಿಂಡುತ್ತಿದ್ದಾರೆ.

“ಒಂದು ಮುದುಕ, ಇನ್ನೊಂದು ಹುಡುಗ ಆಯ್ತಲ್ಲಮ್ಮ.”

“ಅಜ್ಜನ ಸಿಂಹಾನೂ ಹುಟ್ಟಿದಾಗ ಹೀಗೇ ಇತ್ತು, ಅಯ್ಯ. ಅದನ್ನ ಮೆತ್ತಗೆ ಮಾಡಿದ್ದು ಬಂದುಹೋದೋರ ಕೈ.”

ಹಿರಿಯರು ಹೊಸ ಬಳೆಗೆ ಕೈ ಹಾಕಿ ಎಳೆಯುತ್ತಾರೆ. ಕದ ತೆರೆಯುತ್ತದೆ. ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ಒಂದು ಗೀರೂ ಇಲ್ಲ.

“ಇರ್ಲಿ ಬಿಡಮ್ಮ. ಎರಡೂ ಇರ್ಲಿ.”

ಎರಕದಮ್ಮನಿಗೆ ಕಣ್ಣು ತುಂಬುತ್ತದೆ. ಆದರೂ ನಿಂತಲ್ಲಿ ನಿಲ್ಲಲಾರರು. ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಹೊಸ ಸಿಂಹದ ಮೂಗನ್ನು ಅಂಗೈಯಲ್ಲಿ ಒಮ್ಮೆ ತಿಕ್ಕುತ್ತಾರೆ.

“ನನ್ನ ಮರಿಮಕ್ಕಳ ಕಾಲಕ್ಕೆ ಈ ಮೂಗೂ ಸವೆದುಹೋಗಿರ್ಬೇಕು ನೋಡಿ,” ಎನ್ನುತ್ತಾರೆ. “ಅಷ್ಟು ಜನ ಬಂದ್ರೆ ಸಾಕು.”