ಹಿಂದಿನ ಬ್ರೇಕಿನ ಸದ್ದು

ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿದ್ದ ನೋಟ್‌ಬುಕ್ಕು ಈಗ ಮನೆಯಲ್ಲಿ ಟಿ.ವಿ. ಪಕ್ಕದಲ್ಲಿದೆ. ಕಾರು ಇಲ್ಲ. ಯಾವತ್ತು ಗಾಳಿ ಹೊಡೆಸಿದೆ, ಯಾವತ್ತು ಆಯಿಲ್ ಬದಲಿಸಿದೆ, ಮಾಲೂರಿನಿಂದ ಬರುವಾಗ ಯಾವ ಟೈರು ಪಂಕ್ಚರಾಯಿತು, ಇಪ್ಪತ್ತು ವರ್ಷದ್ದೂ ಅದರಲ್ಲಿದೆ. "ನನಗೆ ಜ್ವರ ಬಂದಿದ್ದು ಯಾವತ್ತು ಅಂತ ಎಲ್ಲಾದ್ರೂ ಬರ್ಕೊಂಡಿದೀರಾ?" ಎಂದು ಹೆಂಡತಿ ಕೇಳಿದ್ದುಂಟು. ಹುಡುಕಿದರೆ ಅದೂ ಸಿಗುತ್ತದೆ: 'ಇವಳನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ದದ್ದು. ಹಿಂದಿನ ಬ್ರೇಕು ಕಿರ್ ಅನ್ನುತ್ತಿದೆ.'

ಮುಳಬಾಗಿಲಿನಲ್ಲಿರುವ ಅವಳ ತಮ್ಮ ನಾಗರಾಜನದೂ ಅಂಥದೇ ಬಿಳಿ ಕಾರು, ನನ್ನದಕ್ಕಿಂತ ನಾಲ್ಕು ತಿಂಗಳು ದೊಡ್ಡದು. ಹದಿನೈದು ವರ್ಷ ತುಂಬಿ ಎಫ್‌ಸಿ, ಅಂದರೆ ಗಾಡಿ ಇನ್ನೂ ಓಡಬಲ್ಲದೆಂಬ ಸರ್ಟಿಫಿಕೇಟು, ಮಾಡಿಸಬೇಕಾಗಿ ಬಂದಾಗ ಎರಡು ಕಾರೂ ಒಂದೇ ಸೆಟ್ ಟೈರಿನಲ್ಲಿ ಪಾಸಾದವು. ಮೊದಲು ಅವನದಕ್ಕೆ ಹಾಕಿದೆವು, ಆಮೇಲೆ ಬಿಚ್ಚಿ ನನ್ನದಕ್ಕೆ. ಇನ್‌ಸ್ಪೆಕ್ಟರು ಸುತ್ತ ಒಂದು ಪ್ರದಕ್ಷಿಣೆ ಬಂದು, ಹಾರನ್ ಹೊಡೆಸಿ, ಲೈಟು ಹಾಕಿಸಿ ಸಹಿ ಮಾಡಿದರು. ಇದನ್ನು ಮೋಸ ಎನ್ನುವವರು ಎನ್ನಲಿ, ನಾವು ಎರವಲು ಅಂದುಕೊಂಡೆವು. ಸುಗಟೂರಿನ ನಮ್ಮ ತಾತನೂ ಗಾಡಿ ಕಟ್ಟುವಾಗ ಕಡಾಣಿ ಸವೆದಿದ್ದರೆ, ಗಾಲಿ ಕಳಚದಂತೆ ತಡೆಯುವ ಆ ಮೊಳೆಯನ್ನು ಪಕ್ಕದ ಮನೆಯ ಗಾಡಿಯಿಂದಲೇ ತರುತ್ತಿದ್ದರು. ಆದರೆ ತಾತ ಮೊದಲು ಗಾಲಿ ಅಲ್ಲಾಡಿಸಿ, ಕಿವಿಗೊಟ್ಟು ಸದ್ದು ಕೇಳಿ, ಆಮೇಲೆ ತೀರ್ಮಾನ ಹೇಳುತ್ತಿದ್ದರು. ಆ ಬುದ್ಧಿ ನನಗೆ ಬರಲಿಲ್ಲ.

ಐದು ವರ್ಷ ಕಳೆದು ಮತ್ತೆ ಎಫ್‌ಸಿಯ ಸಮಯಕ್ಕೆ, ಈ ಸಲ ನಿಯಮ ಬದಲಾಗಿದೆ ಎಂಬ ಸುದ್ದಿ ಬಂತು. ಇನ್ನು ಕಣ್ಣಳತೆ ಇಲ್ಲವಂತೆ. ಗಾಲಿಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕು, ಹೊಗೆ, ದೀಪ ಎಲ್ಲವನ್ನೂ ಯಂತ್ರವೇ ಅಳೆಯುವುದಂತೆ. "ಮಿಷನ್ನು ಯಾರ ಮುಖಾನೂ ನೋಡಲ್ಲ ಸಾರ್" ಎಂದ ಟೀ ಅಂಗಡಿಯವನು. ಮನೆಗೆ ಬಂದು ನೋಟ್‌ಬುಕ್ಕು ತಿರುವಿದೆ. ಪುಟ ಪುಟದಲ್ಲೂ ಹಿಂದಿನ ಬ್ರೇಕು ಕಿರ್ ಅನ್ನುತ್ತಿತ್ತು. ಗುಜರಿಗೆ ಹಾಕಿಬಿಡೋಣ ಎಂದುಕೊಂಡೆ.

ನಾಗರಾಜ ಓಡಿ ಬಂದ. "ನಂದು ಮೊದ್ಲು ತೋರಿಸ್ತೀನಿ, ಅಲ್ಲೀವರೆಗಾದ್ರೂ ಕಾಯಿರಿ ಬಾವ. ಫೇಲಾದ್ರೆ ರಿಪೇರಿ ಮಾಡ್ಸಿ ಮತ್ತೆ ತೋರ್ಸಿದ್ರಾಯ್ತು."

"ಇಷ್ಟು ವರ್ಷ ದುಡಿದಿದೆ ಕಣೋ. ಈಗ ನಾಲ್ಕು ಜನರ ಮುಂದೆ ಫೇಲ್ ಅನ್ನಿಸ್ಕೋಬೇಕಾ?"

"ಕಾರಿಗೇನು ನಾಚಿಕೆ ಬಾವ? ಆ ನಾಚಿಕೆ ನಿಮ್ದು."

ನಾನು ಬಗ್ಗಲಿಲ್ಲ. ಹಾಗಾದರೆ ಬೇಕಾದ ಸಾಮಾನನ್ನಾದರೂ ಕೊಡಿ ಎಂದು ಅವನು ಮುಳಬಾಗಿಲಿನ ಮೆಕ್ಯಾನಿಕ್ಕನ್ನು ಕರೆತಂದ. ಟೈರು, ಹಾರನ್ನು, ಕೊನೆಗೆ ಆ ಹಿಂದಿನ ಬ್ರೇಕೂ ಬಿಚ್ಚಿಕೊಂಡರು. "ಅದೊಂದು ಬೇಡ, ಸದ್ದು ಮಾಡುತ್ತೆ" ಎಂದೆ. ಮೆಕ್ಯಾನಿಕ್ಕು ತಲೆಯೆತ್ತದೆ, "ಏಂ ಕಾದು ಸಾರ್" ಎಂದ. ಏನೂ ಆಗುವುದಿಲ್ಲ ಎಂದು ಅಷ್ಟು ಹಗುರವಾಗಿ ಹೇಳಲು ತೆಲುಗೇ ಬೇಕು. ನಾಗರಾಜನ ಸವೆದ ಟೈರು ಹಾಕಿಕೊಂಡು ನನ್ನ ಕಾರು ಗುಜರಿಗೆ ಹೋಯಿತು. ಅಂದಿನ ಪುಟದಲ್ಲಿ 'ಕೊಟ್ಟೆ' ಎಂದಷ್ಟೇ ಬರೆದೆ.

ತಿಂಗಳ ಮೇಲೆ ಅವನ ಫೋನು ಬಂತು. "ಒಂದೇ ಸಲಕ್ಕೆ ಪಾಸು ಬಾವ."

"ಬ್ರೇಕು?"

"ಅದೂ ಪಾಸೇ. ಒಳಗೆ ಧೂಳು ಕೂತಿತ್ತಂತೆ. ಬಿಚ್ಚಿ ತೊಳೆದ್ರು ಅಷ್ಟೇ."

ಆ ಸದ್ದು ಎಂದು, ಎಲ್ಲಿ, ಎಷ್ಟು ಹೊತ್ತಿಗೆ ಬಂತೆಂದು ಬರೆದಿಟ್ಟವನು ನಾನು. ಒಂದು ದಿನವಾದರೂ ಬಿಚ್ಚಿ ನೋಡಿದವನಲ್ಲ. ಬರೆದಿಡುವುದೇ ಕಾರನ್ನು ನೋಡಿಕೊಳ್ಳುವುದು ಎಂದುಕೊಂಡಿದ್ದೆ. ಕಾಯಿಲೆಯ ದಿನಚರಿ ಇಟ್ಟು ಡಾಕ್ಟರಿಗೆ ತೋರಿಸದೆ ಬಿಟ್ಟ ಹಾಗಾಯಿತು.

ಮೊನ್ನೆ ಶ್ರೀನಿವಾಸಪುರದ ಮದುವೆಗೆ ನಾಗರಾಜನ ಕಾರಿನಲ್ಲೇ ಹೋದೆವು. "ನೀವೇ ಓಡ್ಸಿ ಬಾವ" ಎಂದ. ಬೇಡವೆಂದು ಪಕ್ಕದ ಸೀಟಿನಲ್ಲಿ ಕುಳಿತು, ಹಂಪು ಬಂದಾಗಲೆಲ್ಲ ಕಿವಿಗೊಟ್ಟೆ. ಮನೆಗೆ ಬಂದವನು ನೋಟ್‌ಬುಕ್ಕು ತೆಗೆದು 'ಕೊಟ್ಟೆ' ಎಂಬುದರ ಕೆಳಗೆ ಬರೆದೆ: 'ಹಿಂದಿನ ಬ್ರೇಕು ಸದ್ದಿಲ್ಲ.'

ಹೆಂಡತಿ ಇಣುಕಿ ನೋಡಿದಳು. "ಕಾರೇ ಇಲ್ವಲ್ರೀ."

"ಕಾರು ಇಲ್ಲ" ಎಂದೆ. "ಬ್ರೇಕು ನಮ್ಮದೇ."