ಟಿ.ವಿ. ಕೇಳುವ ಹುಚ್ಚು

ನಾನು ಟಿ.ವಿ. ನೋಡುವುದಿಲ್ಲ, ಕೇಳುತ್ತೇನೆ. ಹೀಗೆಂದ ಕೂಡಲೇ ಎದುರಿಗಿದ್ದವರು ಮೊದಲು ನನ್ನ ಕಣ್ಣುಗಳನ್ನು ನೋಡುತ್ತಾರೆ, ಆಮೇಲೆ ನನ್ನ ಅಂಗಡಿಯ ಬೋರ್ಡನ್ನು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನದು ಚಷ್ಮಾದ ಅಂಗಡಿ. ಊರವರ ಕಣ್ಣಿಗೆ ಗಾಜು ಹೊಂದಿಸಿ ಹೊಟ್ಟೆ ಹೊರೆಯುವ ಮನುಷ್ಯ ತಾನು ಮಾತ್ರ ಕಿವಿಯ ಬೆನ್ನು ಹತ್ತಿದ್ದು ಹೇಗೆ ಎಂಬುದು ನನ್ನ ಹೆಂಡತಿಗೆ ಇನ್ನೂ ಬಗೆಹರಿದಿಲ್ಲ. ಮನೆಗೆ ಬಂದ ನೆಂಟರಿಗೆ ಅವಳು ನನ್ನ ಕಪಾಟು ತೋರಿಸಿ, "ಇದು ಇವರ ದೇವರ ಮನಿ. ಇದಕ್ಕ ಧೂಳು ಝಾಡಿಸೂ ಪೂಜಾ ನಾನು ಮಾಡ್ತೇನಿ" ಎನ್ನುತ್ತಾಳೆ.

ಆ ಕಪಾಟಿನಲ್ಲಿರುವುದು ಹಳೆಯ ಕ್ಯಾಸೆಟ್‌ಗಳು. ಟಿ.ವಿ.ಯಲ್ಲಿ ಒಂದೇ ಚಾನೆಲ್ ಇದ್ದ ಕಾಲದವು. ಆಗ ಕಾರ್ಯಕ್ರಮವನ್ನು ಚಿತ್ರಸಮೇತ ಹಿಡಿದಿಡುವ ಯಂತ್ರ ಎಲ್ಲೋ ಸಿರಿವಂತರ ಮನೆಯಲ್ಲಿ ಮಾತ್ರ ಇತ್ತು. ಉಳಿದವರಲ್ಲಿ ಕೆಲವರು ಮನೆಯ ಟೇಪ್ ರೆಕಾರ್ಡರನ್ನೇ ಟಿ.ವಿ.ಯ ಮುಂದೆ ಸ್ಟೂಲಿನ ಮೇಲಿಟ್ಟು, ಕೆಂಪು ಗುಂಡಿ ಒತ್ತಿ, ಎಲ್ಲರಿಗೂ ಸುಮ್ಮನಿರುವಂತೆ ಕಣ್ಣು ಬಿಡುತ್ತಿದ್ದರು. ಯಾರೂ ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ನನ್ನ ಸಂಗ್ರಹದ ನಾಟಕಗಳಲ್ಲಿ ರಾಜ ಯುದ್ಧಕ್ಕೆ ಹೊರಟಾಗ ಕುಕ್ಕರ್ ಸೀಟಿ ಹೊಡೆಯುತ್ತದೆ, ನಾಯಕಿ ಅಳುವಾಗ ಮಾಳಿಗೆಯ ಮೇಲಿಂದ "ಬಂತೇನು?" ಎಂದು ಯಾರೋ ಕೂಗುತ್ತಾರೆ, ಕೆಳಗಿನಿಂದ "ಬಂತು, ಬಂತು... ಹೋತು!" ಎಂದು ಉತ್ತರ ಹೋಗುತ್ತದೆ. ಅಂಟೆನಾ ತಿರುವುವವನ ಪಾತ್ರ ಯಾವ ನಾಟಕದಲ್ಲೂ ತಪ್ಪಿಲ್ಲ.

ಚಿತ್ರವಿಲ್ಲದ ಟಿ.ವಿ. ಎಂದರೆ ನಗುವವರಿಗೆ ನನ್ನದೊಂದು ಸಮಜಾಯಿಷಿ ಇದೆ. ನಮ್ಮ ಕಡೆ ಆಗ ಪರದೆಯ ಮೇಲೆ ಚಿತ್ರ ಎಲ್ಲಿ ಕಾಣುತ್ತಿತ್ತು? ಜೋಳ ತೂರಿದ ಹಾಗೆ ಬಿಳಿ ಕಾಳು ಸುರಿಯುತ್ತಿತ್ತು; ಅದರ ಹಿಂದೆ ನಾಯಕನೋ ನಾಯಕಿಯೋ ದನಿಯಿಂದಲೇ ಗುರುತು ಹಿಡಿಯಬೇಕಿತ್ತು. ಅಲ್ಲದೆ ನಮ್ಮ ಭಾಷೆಯಲ್ಲಿ ಕೇಳುವುದು ಎಂದರೆ ಆಲಿಸುವುದೂ ಹೌದು, ಬೇಡುವುದೂ ಹೌದು. ಮನೆಮನೆಗೆ ಹೋಗಿ ಕ್ಯಾಸೆಟ್ ಕೇಳುವುದು, ಸಿಕ್ಕ ಮೇಲೆ ಕ್ಯಾಸೆಟ್ ಕೇಳುವುದು, ಎರಡಕ್ಕೂ ಒಂದೇ ಕ್ರಿಯಾಪದ ಸಾಕಾಗುವುದರಿಂದ ವ್ಯಾಕರಣವೂ ನನ್ನ ಪರವಾಗಿದೆ ಎಂದು ನಾನು ತಿಳಿದಿದ್ದೇನೆ.

ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದಾಗ ಒಂದು ಕ್ಯಾಸೆಟ್ ಹಚ್ಚಿಡುವುದು ನನ್ನ ರೂಢಿ. ಕಳೆದ ಬೇಸಗೆಯಲ್ಲಿ ಒಂದು ದಿನ ಹಾಗೆ ಹಚ್ಚಿದ್ದಾಗ ಧಾರವಾಡದಿಂದ ಅತ್ತೆ-ಸೊಸೆ ಇಬ್ಬರು ಬಂದರು. ಅತ್ತೆ ಶಾಂತಾಬಾಯಿ, ವಯಸ್ಸಾದವರು, ನೆಟ್ಟಗೆ ಕೂತಿದ್ದರು. ಕೊರಳಿಗೆ ತೆಳುವಾದ ವಸ್ತ್ರ ಸುತ್ತಿದ್ದರು. ಸೊಸೆ ರೇಖಾ ಅವರ ಪರವಾಗಿ ಮಾತಾಡುತ್ತಿದ್ದಳು. ನಾನು ಅಕ್ಷರದ ಹಲಗೆ ತೋರಿಸಿ ಓದಲು ಹೇಳಿದಾಗ ಶಾಂತಾಬಾಯಿಯವರ ತುಟಿ ಆಡಿದವು, ದನಿ ಬರಲಿಲ್ಲ. ರೇಖಾ ಆ ತುಟಿಗಳನ್ನೇ ನೋಡುತ್ತ ಅಕ್ಷರಗಳನ್ನು ಒಂದೊಂದಾಗಿ ಹೇಳಿದಳು. ಗಂಟಲಿನ ಕಾಯಿಲೆಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತಂತೆ. ಅದಾದ ಮೇಲೆ ರೇಖಾ ಆ ಮನೆಗೆ ಸೊಸೆಯಾಗಿ ಬಂದವಳು.

ಅಷ್ಟರಲ್ಲಿ ಶಾಂತಾಬಾಯಿ ನನ್ನ ಟೇಪಿನತ್ತ ಬೆರಳು ಮಾಡಿ, ಅದೇ ಬೆರಳಿನಿಂದ ತಮ್ಮ ಎದೆ ಮುಟ್ಟಿಕೊಂಡರು. "ಅತ್ಯಾರೂ ಟಿ.ವಿ. ನಾಟಕದಾಗ ಪಾರ್ಟು ಮಾಡಿದ್ರರೀ" ಎಂದಳು ರೇಖಾ. "ಹವ್ಯಾಸಿ ನಾಟಕದಾಗಿಂದ ಆರಿಸಿ ಬೆಂಗಳೂರಿಗೆ ಕರಕೊಂಡು ಹೋಗಿದ್ರಂತ. ಒಂದs ನಾಟಕ. ಘಟವಾಣಿ ಅತ್ತಿ ಪಾತ್ರ."

ಆಮೇಲೆ ನಗುತ್ತಲೇ ಹೇಳಿದಳು, "ನಮ್ಮ ಓಣಿ ಹೆಣ್ಮಕ್ಕಳು ನನಗ, ನೀ ಪುಣ್ಯಾ ಮಾಡೀವಾ, ನಿಮ್ಮ ಅತ್ತಿ ಬೈಯಾಂಗಿಲ್ಲ ಅಂತಾರ್ರೀ. ನನಗ ಒಮ್ಮೆರ ಅವರ ದನಿ ಕೇಳಬೇಕು ಅನಸತೈತಿ. ಬೈದ್ರೂ ಅಡ್ಡಿಯಿಲ್ಲ."

ಚಷ್ಮಾ ತಯಾರಾಗಿ ಅವರು ಒಯ್ದದ್ದೂ ಆಯಿತು. ಆ ಮಾತು ಮಾತ್ರ ಅಂಗಡಿಯಲ್ಲೇ ಉಳಿಯಿತು. ಅಂದಿನಿಂದ ನನ್ನಲ್ಲಿ ಚಷ್ಮಾ ಮಾಡಿಸಲು ಬಂದವರೆಲ್ಲ ಎರಡು ಪರೀಕ್ಷೆಗೆ ಒಳಗಾದರು: ಒಂದು ಕಣ್ಣಿನದು, ಇನ್ನೊಂದು ಅವರ ಮನೆಯ ಅಟ್ಟದ್ದು. ಹಳೆಯ ಕ್ಯಾಸೆಟ್ ಇವೆಯೇ, ನಾಟಕದವು ಇವೆಯೇ, ಅತ್ತೆ-ಸೊಸೆ ನಾಟಕ ನೆನಪಿದೆಯೇ? ಕೆಲವರು ಭಜನೆಯ ಕ್ಯಾಸೆಟ್ ತಂದರು. ಒಬ್ಬರು ತಮ್ಮ ಮದುವೆಯ ಕ್ಯಾಸೆಟ್ ತಂದು, ತಿರುಗಿ ಕೊಡುವುದು ಬೇಡ ಎಂದರು. ಮಳೆಗಾಲ ಕಳೆಯುತ್ತ ಬಂದಾಗ ಹಳೇ ಹುಬ್ಬಳ್ಳಿಯ ಗಿರಾಕಿಯೊಬ್ಬರು, ತಮ್ಮ ಓಣಿಯ ಮೆಹಬೂಬಿ ಎಂಬ ಹಿರಿಯರು ಹಿಂದೆ ಟಿ.ವಿ. ನಾಟಕ ಟೇಪು ಮಾಡುತ್ತಿದ್ದರು ಎಂದು ತಿಳಿಸಿದರು. ಆ ಭಾನುವಾರವೇ ಹೋದೆ.

ಓಣಿ ಸ್ಕೂಟರ್ ಹೋಗದಷ್ಟು ಇಕ್ಕಟ್ಟು. ಮೆಹಬೂಬಿ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ನಾನು ಬಂದ ಕಾರಣ ಕೇಳಿ ಅವರು ಆಶ್ಚರ್ಯಪಡಲಿಲ್ಲ. ಇಷ್ಟು ತಡವಾಗಿ ಯಾಕೆ ಬಂದಿರಿ ಎನ್ನುವಂತೆ ನೋಡಿದರು. "ನಮ್ಮ ಯಜಮಾನ್ರು ರೈಲ್ವೇದಾಗ ಇದ್ರರೀ. ಡ್ಯೂಟಿ ಇದ್ದ ದಿನ ನಾಟಕ ತಪ್ಪತಿತ್ತು. ಭಾಳ ಬೇಜಾರು ಮಾಡ್ಕೋತಿದ್ರು. ಅದಕ್ಕ ನಾ ಟೇಪಿಗೆ ಹಿಡಿದು ಇಡ್ತಿದ್ದೆ. ಅವರು ಬಂದು ಊಟಕ್ಕ ಕುಂತಾಗ ಹಚ್ಚೂದು. ಕುಂದರ್ರಿ, ತರತೇನಿ."

ಟ್ರಂಕಿನಿಂದ ತಂದ ಕ್ಯಾಸೆಟ್‌ನಲ್ಲಿ ಸುರುಳಿ ಅಂಟಿಕೊಂಡು ತಿರುಗಲೊಲ್ಲದಾಗಿತ್ತು. ಚಷ್ಮಾದ ಕಡ್ಡಿ ಬಿಗಿಯುವ ಸಣ್ಣ ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲೇ ಇರುತ್ತದೆ. ಅಲ್ಲೇ ಚಾಪೆಯ ಮೇಲೆ ಕೂತು ಕ್ಯಾಸೆಟ್ ಬಿಚ್ಚಿದೆ. ಜೊತೆಗೆ ಒಯ್ದಿದ್ದ ಬೇರೊಂದು ಕ್ಯಾಸೆಟ್‌ನ ಗೂಡಿಗೆ ಸುರುಳಿಯನ್ನು ಉಗುರಿನ ತುದಿಯಿಂದ ನಿಧಾನವಾಗಿ ಬದಲಿಸಿದೆ. ಎಳೆ ಹರಿದರೆ ಒಂದು ದನಿ ಹೋದಂತೆಯೇ. ಮೆಹಬೂಬಿ ಫ್ಯಾನು ಬಂದ್ ಮಾಡಿ, ಬಟಾಣಿಯ ಬುಟ್ಟಿಯನ್ನೂ ಅತ್ತ ಸರಿಸಿ, ಹತ್ತಿರ ಬಂದು ಕೂತರು.

ಜೊತೆಗೆ ತಂದಿದ್ದ ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದೆ. ಮೊದಲು ಸರಸರ ಸದ್ದು. ಆಮೇಲೆ ಹೆಣ್ಣುದನಿಯೊಂದು ಕಂಚಿನ ತಟ್ಟೆಗೆ ಬಡಿದ ಹಾಗೆ ಎದ್ದಿತು: "ನಿನ್ನ ಕೈಗೆ ಒಲಿ ಕೊಟ್ಟರ ಹೊಗಿ ಹೋಗಿ ಓಣಿ ಮಂದೀನೆಲ್ಲಾ ಊಟಕ್ಕ ಕರೀತೈತಲ್ಲವಾ!"

"ಇಕೀನs! ಇಕೀನs ಆ ಅತ್ತಿ!" ಎಂದು ಮೆಹಬೂಬಿ ಚಪ್ಪಾಳೆ ತಟ್ಟಿದರು. ಮುಂದಿನ ಅರ್ಧ ತಾಸು ಶಾಂತಾಬಾಯಿ ಸೊಸೆಯನ್ನು ಬೈದರು. ಎಂಥ ಬೈಗುಳ ಅಂತೀರಿ! ಕೆಟ್ಟ ಮಾತು ಒಂದೂ ಇಲ್ಲ, ಆದರೂ ಕೇಳಿದವರು ತಮ್ಮ ಮನೆಯ ಒಲೆಯನ್ನು ಒಮ್ಮೆ ಹೋಗಿ ನೋಡಿ ಬರಬೇಕು, ಹಾಗೆ. ನಾಟಕದ ಕೊನೆಗೆ ಸೊಸೆ ತವರಿಗೆ ಹೋಗುತ್ತಾಳೆ, ಅತ್ತೆ ಅವಳನ್ನು ಕರೆಯಲು ಹೋಗುತ್ತಾಳೆ, ಬಾಗಿಲಲ್ಲಿ ನಿಂತು "ಇಲ್ಲಿ ಕೇಳವಾ" ಎನ್ನುತ್ತಾಳೆ. ಅಲ್ಲಿಗೆ ಟಕ್ಕೆಂದು ಸುರುಳಿಯ ಆ ಬದಿ ಮುಗಿಯಿತು. ಇನ್ನೊಂದು ಬದಿ ಹಾಕಿದರೆ ಸೊಸೆಯ ಅಳು, ಮುಗಿತಾಯದ ಸಂಗೀತ.

"ಅಲ್ಲಿ ಏನು ಅಂದ್ರು?" ಎಂದು ಕೇಳಿದೆ.

ಮೆಹಬೂಬಿ ಕೈ ಝಾಡಿಸಿದರು. "ಒಲಿ ಮ್ಯಾಲಿನ ಹಾಲು ಉಕ್ಕಿತ್ರೀ, ಓಡಿ ಹೋದೆ. ಬಂದು ಕ್ಯಾಸೆಟ್ ತಿರುವಿ ಹಾಕೂದ್ರಾಗ ಮುಗದು ಹೋಗಿತ್ತು. ಸೊಸೀನ್ನ ಭಾಳ ಹೊಗಳಿದ್ರು ಅಂತ ಮಂದಿ ಹೇಳಿದ್ರು. ನಮ್ಮ ಯಜಮಾನ್ರು ಅದನ್ನ ಇವತ್ತಿಗೂ ಕೇಳತಾರ. ನಾ ಏನು ಹೇಳ್ಲಿ?"

ಮೆಹಬೂಬಿಯವರಿಂದ ಕೇಳಿ ಪಡೆದ ಕ್ಯಾಸೆಟ್ ಹಿಡಿದು ಧಾರವಾಡದ ಮನೆಗೆ ಹೋದಾಗ ಬಾಗಿಲಲ್ಲೇ ತಡೆದವರು ಶಾಂತಾಬಾಯಿಯವರ ಮಗ ಪ್ರಕಾಶ. ಒರಟು ಮನುಷ್ಯರಲ್ಲ, ಹೆದರಿದ್ದರು. "ಬ್ಯಾಡ್ರಿ ಸರ. ಹೋದ ದನಿ ಹೋತು. ಈಗ ಕೇಳಿ ಮನಸ್ಸಿಗೆ ಹಚ್ಚಿಕೊಂಡ್ರ ಏನು ಮಾಡೂದು? ಆಪರೇಷನ್ ಆದ ಹೊಸದಾಗ ನಮ್ಮವ್ವ ಕನ್ನಡೀನೂ ನೋಡತಿದ್ದಿಲ್ಲ" ಎಂದರು. ನಾನು ಕ್ಯಾಸೆಟ್ ಜೇಬಿಗಿಳಿಸಿದೆ. ಹುಚ್ಚು ನನ್ನದು, ನೋವು ಅವರದಾಗಬಾರದು. ರೇಖಾ ಬಾಗಿಲ ಹಿಂದೆ ನಿಂತು ನನ್ನ ಜೇಬನ್ನೇ ನೋಡುತ್ತಿದ್ದಳು.

ಆಗ ಒಳಗಿನಿಂದ ಚಪ್ಪಾಳೆಯ ಸದ್ದು ಬಂತು. ಶಾಂತಾಬಾಯಿ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. ಮಗನ ಕಡೆ ಒಂದು ದೃಷ್ಟಿ ಹರಿಸಿದರು. ಬೈಗುಳದ ಅರ್ಧ ಭಾಗ ಕಣ್ಣಿನಲ್ಲೇ ಇರುತ್ತದೆ ಎಂದು ನನಗೆ ಆಗ ತಿಳಿಯಿತು. ಪ್ರಕಾಶ ಪಕ್ಕಕ್ಕೆ ಸರಿದರು. ನಾನು ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಹಚ್ಚಿದೆ.

ಆ ದನಿ ಕೇಳಿದೊಡನೆ ಶಾಂತಾಬಾಯಿ ಕಣ್ಣು ಮುಚ್ಚಿದರು. ಪ್ರಕಾಶ ಗೋಡೆಯತ್ತ ತಿರುಗಿ ನಿಂತರು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ಕೇಳುತ್ತಿದ್ದ ರೇಖಾ ಒಲೆಯ ಮಾತು ಬಂದ ಕೂಡಲೇ, "ಅಯ್ಯ ಅತ್ಯಾರs, ಹಿಂಗ ಬೈತಿದ್ರೇನ್ರಿ ನೀವು! ನಾ ಬದುಕಿದೆ!" ಎಂದುಬಿಟ್ಟಳು. ಶಾಂತಾಬಾಯಿ ಕಣ್ಣು ತೆರೆದು ಅವಳನ್ನು ನೋಡಿ, ಹೆಗಲು ಕುಣಿಯುವ ಹಾಗೆ ನಕ್ಕರು. ಸದ್ದಿಲ್ಲದ ಆ ನಗು ಮನೆಯನ್ನೆಲ್ಲ ತುಂಬಿತು. ಗೋಡೆಯ ಕಡೆ ನಿಂತಿದ್ದ ಪ್ರಕಾಶರೂ ಮೂಗು ಒರೆಸಿಕೊಳ್ಳುತ್ತ ಬಂದು ತಾಯಿಯ ಕಾಲ ಬಳಿ ಕೂತರು.

"ಇಲ್ಲಿ ಕೇಳವಾ" ಬಂತು. ಟಕ್. ಹಾಲು ಉಕ್ಕಿದ ಕಥೆಯನ್ನು ನಾನು ಹೇಳುತ್ತಿರುವಾಗಲೇ ಶಾಂತಾಬಾಯಿ ಕೈಯೆತ್ತಿ ನಿಲ್ಲಿಸಿದರು. ಕುರ್ಚಿಯಿಂದ ಎದ್ದು, ಅಡಿಗೆಮನೆಯ ಬಾಗಿಲಿಗೆ ಹೋಗಿ, ರೇಖಾಳ ಎದುರು ನಿಂತರು. ತುಟಿ ಆಡತೊಡಗಿದವು. ಅವರಿಗೆ ಮಾತು ಇನ್ನೂ ಬಾಯಿಪಾಠವಿತ್ತು! ನಾನು ಗಡಿಬಿಡಿಯಲ್ಲಿ ಮೊಬೈಲಿನ ರೆಕಾರ್ಡರ್ ಹಚ್ಚಿದೆ. ರೇಖಾ ಆ ತುಟಿಗಳನ್ನು ನೋಡುತ್ತ ಮೊದಲು ತಡವರಿಸಿ, ಆಮೇಲೆ ಸರಾಗವಾಗಿ ಹೇಳಿದಳು: "ಇಲ್ಲಿ ಕೇಳವಾ. ನೀ ಹೋದ ಮ್ಯಾಲೆ ಮನಿ ಬಣಬಣ ಅಂತೈತಿ. ಇಷ್ಟ ದಿನಾ ನಾ ತಪ್ಪು ಹುಡುಕಿದ್ದು ನಿನ್ನ ಜೋಡಿ ಮಾತಾಡಾಕ ನೆವಾ ಬೇಕಿತ್ತು ಅಂತ. ಒಲಿ ಮುಂದ ನೀ ಇದ್ರs ಅದು ಅಡಗಿಮನಿ. ಮನಿಗೆ ಬಾ."

ಹೇಳಿ ಮುಗಿಸಿ, ಕಣ್ಣೊರೆಸಿಕೊಂಡು, "ನೋಡ್ರಿ ಸರ, ಬೈಗುಳಾ ಅತ್ಯಾರ ದನಿಯಾಗ ಬಂತು, ಹೊಗಳಿಕಿ ಮಾತ್ರ ನನ್ನ ಬಾಯಿಲೆ ನಾನs ಹೇಳ್ಕೋಬೇಕಾತು!" ಎಂದಳು. ಎಲ್ಲರೂ ನಕ್ಕೆವು.

ಶಾಂತಾಬಾಯಿ ಮಾತ್ರ ನಗಲಿಲ್ಲ. ಸೊಸೆಯ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ತುಟಿಗಳು ಮತ್ತೆ ಆಡಿದವು. ಈ ಸಲ ರೇಖಾ ಅದನ್ನು ನಮಗೆ ಹೇಳಲಿಲ್ಲ. ಅತ್ತೆಯ ಕೈ ಹಿಡಿದುಕೊಂಡಳು.

"ಏನಂದ್ರವಾ?" ಎಂದೆ, ಮೊಬೈಲನ್ನು ಇನ್ನಷ್ಟು ಮುಂದೆ ಚಾಚಿ. ಸಂಗ್ರಹ ಮಾಡುವವನ ಆಸೆಗೆ ಮರ್ಯಾದೆ ಇರುವುದಿಲ್ಲ.

"ಅದು ನಾಟಕದ್ದಲ್ರಿ ಸರ" ಎಂದಳು ರೇಖಾ. "ಅದು ನನಗ ಅಂದದ್ದು."

ನಾನು ರೆಕಾರ್ಡರ್ ಬಂದ್ ಮಾಡಿದೆ. ಪ್ರಕಾಶ ಚಹಾ ಮಾಡಲು ಎದ್ದರು.